ವರದಿಯ ರಾಜಕಾರಣ ಮತ್ತು ಅನುವಾದದ ಹೊಣೆ: ಅಯೆಂದೆಯ ಚಿಲಿಯನ್ನು ಕುರಿತು

1

ಚಿಲಿ ದೇಶದಲ್ಲಿ 1970ರಿಂದ 1973ರವರೆಗೆ ಅಧಿಕಾರದಲ್ಲಿದ್ದ ಸಾಲ್ವದೋರ್ ಅಯೆಂದೆಯ ಎಡಪಂಥೀಯ ಸರ್ಕಾರವನ್ನು ವಿದೇಶಿ ಪತ್ರಿಕೆಗಳು ಹೇಗೆ ಚಿತ್ರಿಸಿದವು ಎಂಬ ಪ್ರಶ್ನೆಯನ್ನು ಕನ್ನಡ ಪೀಠವೊಂದರ ಸಂಶೋಧನ ಪತ್ರಿಕೆಯಲ್ಲಿ ಎತ್ತಿಕೊಳ್ಳುವುದು ಕೆಲವರಿಗೆ ಅಪ್ರಸ್ತುತವೆನಿಸಬಹುದು. ಆದರೆ ಚಿಲಿಯನ್ನು ಕುರಿತು ನಮ್ಮಲ್ಲಿ ಬಹುಮಂದಿಗೆ ತಿಳಿದಿರುವುದೆಲ್ಲ ಸುದ್ದಿಸಂಸ್ಥೆಗಳ ಇಂಗ್ಲಿಷ್ ತಂತಿಯ ಮೂಲಕ ಬಂದದ್ದು. ಆ ತಂತಿಯಿಂದ ಕನ್ನಡಕ್ಕೆ ಇಳಿದದ್ದು. ಆ ಅಧ್ಯಕ್ಷನ ಹೆಸರನ್ನು ನಾವು ಬಹುಕಾಲದಿಂದ ‘ಅಲೆಂಡೆ’ ಎಂದು ಬರೆಯುತ್ತ ಬಂದಿದ್ದೇವೆ. ಸ್ಪ್ಯಾನಿಷ್ ಭಾಷೆಯಲ್ಲಿ ಅದು ‘ಅಯೆಂದೆ’. ಇದು ಸಣ್ಣ ತಪ್ಪು. ಯಾರ ಮೇಲೂ ದೋಷ ಹೊರಿಸಬೇಕಾದದ್ದಲ್ಲ. ಆದರೆ ಸುದ್ದಿ ಯಾವ ದಾರಿಯಿಂದ ಬಂದಿತು ಎಂಬುದಕ್ಕೆ ಅದೊಂದು ಗುರುತು. ಹೆಸರಿನ ಉಚ್ಚಾರಣೆ ಆ ದಾರಿಯಲ್ಲಿ ಬದಲಾಗುವುದಾದರೆ, ಅದಕ್ಕಿಂತ ಮುಖ್ಯವಾದ ಇನ್ನೇನು ಬದಲಾಗಿರಬಹುದು ಎಂದು ಕೇಳುವುದು ಭಾಷೆಯ ಅಧ್ಯಯನಕ್ಕೆ ಹೊರತಾದ ಪ್ರಶ್ನೆಯಲ್ಲ.

ಪಕ್ಷಪಾತದ ವರದಿ ಎಂದೊಡನೆ ಸುಳ್ಳು ಸುದ್ದಿಯೊಂದನ್ನು ಕಲ್ಪಿಸಿಕೊಳ್ಳುವುದು ನಮ್ಮ ರೂಢಿ. ಚಿಲಿಯ ಪ್ರಕರಣ ತೋರಿಸುವುದು ಬೇರೆಯದನ್ನು. ಅಲ್ಲಿ ಸಾರಾಸಗಟು ಸುಳ್ಳುಗಳಿಗಿಂತ ಹೆಚ್ಚು ಕೆಲಸ ಮಾಡಿದ್ದು ನಿಜದ ಆಯ್ಕೆ, ನಿಜಗಳನ್ನು ಜೋಡಿಸಿದ ಕ್ರಮ ಮತ್ತು ಅವುಗಳಿಗೆ ಕೊಟ್ಟ ಹೆಸರು. ಆದ್ದರಿಂದ ಅಂತಹ ವರದಿಗಾರಿಕೆಯನ್ನು ಪ್ರಶ್ನಿಸುವ ವಿಮರ್ಶೆಯೂ ‘ಇದು ಸುಳ್ಳು’ ಎಂಬ ಘೋಷಣೆಯಲ್ಲಿ ನಿಲ್ಲುವಂತಿಲ್ಲ. ಅದು ಆಯ್ಕೆಯನ್ನು, ಕ್ರಮವನ್ನು, ಹೆಸರನ್ನು ಒಂದೊಂದಾಗಿ ಪರೀಕ್ಷಿಸಬೇಕು. ಪ್ರಸ್ತುತ ಲೇಖನದ ಪ್ರಯತ್ನ ಇಷ್ಟೇ.

2

1970ರ ಸೆಪ್ಟೆಂಬರ್ 4ರಂದು ನಡೆದ ಚುನಾವಣೆಯಲ್ಲಿ ‘ಜನತಾ ಐಕ್ಯ’ ಕೂಟದ ಅಭ್ಯರ್ಥಿ ಅಯೆಂದೆ ಶೇ. 36.6ರಷ್ಟು ಮತ ಪಡೆದು ಮೊದಲ ಸ್ಥಾನದಲ್ಲಿದ್ದರು. ಬಲಪಂಥೀಯ ಅಭ್ಯರ್ಥಿ ಹೋರ್ಹೆ ಅಲೆಸ್ಸಾಂದ್ರಿಗೆ ಶೇ. 35.3, ಕ್ರಿಶ್ಚಿಯನ್ ಡೆಮಾಕ್ರಟ್ ಪಕ್ಷದ ರಾದೊಮಿರೊ ತೊಮಿಚ್‌ಗೆ ಶೇ. 28ರಷ್ಟು ಮತ ದೊರೆತಿತ್ತು. ಯಾರಿಗೂ ಬಹುಮತವಿಲ್ಲದಿದ್ದರೆ ಮೊದಲ ಇಬ್ಬರಲ್ಲಿ ಒಬ್ಬರನ್ನು ಸಂಸತ್ತು ಆರಿಸಬೇಕೆಂಬುದು ಅಲ್ಲಿನ ಸಂವಿಧಾನದ ವಿಧಿ. ಮೊದಲನೆಯವರನ್ನೇ ಆರಿಸುವುದು ಸಂಪ್ರದಾಯ. ಅಕ್ಟೋಬರ್ 24ರಂದು ಸಂಸತ್ತಿನಲ್ಲಿ ಅಯೆಂದೆಗೆ 153 ಮತಗಳೂ ಅಲೆಸ್ಸಾಂದ್ರಿಗೆ 35 ಮತಗಳೂ ಬಿದ್ದವು.

ಈ ಫಲಿತಾಂಶವನ್ನು ವರದಿ ಮಾಡುವಾಗ ಅಮೆರಿಕದ ಪತ್ರಿಕೆಗಳು ಮತ್ತೆ ಮತ್ತೆ ಒತ್ತಿಹೇಳಿದ ಅಂಶವೆಂದರೆ ಅಯೆಂದೆ ಅಲ್ಪಮತದ ಅಧ್ಯಕ್ಷ ಎಂಬುದು. ಅಂಕಿ ಸರಿಯಾಗಿಯೇ ಇದೆ. ಆದರೆ 1958ರಲ್ಲಿ ಇದೇ ಅಲೆಸ್ಸಾಂದ್ರಿ ಶೇ. 32ಕ್ಕಿಂತ ಕಡಿಮೆ ಮತ ಪಡೆದು, ಇದೇ ವಿಧಾನದಿಂದ ಅಧ್ಯಕ್ಷರಾಗಿದ್ದರು; ಆಗ ಎರಡನೆಯ ಸ್ಥಾನದಲ್ಲಿದ್ದವರು ಅಯೆಂದೆ. ಆ ಅಧ್ಯಕ್ಷತೆಯ ನ್ಯಾಯಬದ್ಧತೆಯನ್ನು ಕುರಿತು ಇಂತಹ ಕಳವಳ ಕೇಳಿಬಂದಿರಲಿಲ್ಲ. 1968ರಲ್ಲಿ ರಿಚರ್ಡ್ ನಿಕ್ಸನ್ ಅಮೆರಿಕದ ಅಧ್ಯಕ್ಷರಾದದ್ದು ಶೇ. 43.4ರಷ್ಟು ಮತದಿಂದ. ಅವರ ಹೆಸರಿನ ಹಿಂದೆ ‘ಅಲ್ಪಮತದ’ ಎಂಬ ವಿಶೇಷಣ ಅಂಟಿಕೊಳ್ಳಲಿಲ್ಲ. ಹೋಲಿಕೆಗೆ ಬೇಕಾದ ಅಂಕಿಯನ್ನು ಬಿಟ್ಟುಬಿಟ್ಟರೆ ನಿಜವಾದ ಅಂಕಿಯೂ ತಪ್ಪು ಅರ್ಥ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸರಳ ನಿದರ್ಶನ ದೊರಕಲಾರದು.

ಅದೇ ಅಕ್ಟೋಬರ್ 19ರ ‘ಟೈಮ್’ ವಾರಪತ್ರಿಕೆಯ ಮುಖಪುಟದಲ್ಲಿ ಅಯೆಂದೆಯ ಚಿತ್ರವಿತ್ತು. ಅಮೆರಿಕ ಖಂಡಗಳಿಗೆ ಮಾರ್ಕ್ಸ್‌ವಾದದ ಬೆದರಿಕೆ ಎಂಬರ್ಥದ ಶೀರ್ಷಿಕೆಯಿತ್ತು. ಸಂಸತ್ತು ಮತ ಹಾಕಲು ಐದು ದಿನಗಳಷ್ಟೇ ಉಳಿದಿದ್ದವು. ಈ ಬರಹ ಹೇಗೆ ರೂಪುಗೊಂಡಿತು ಎಂಬುದು ಐದು ವರ್ಷಗಳ ಅನಂತರ ಹೊರಬಂದಿತು. ಸೆನೆಟರ್ ಫ್ರಾಂಕ್ ಚರ್ಚ್ ಅಧ್ಯಕ್ಷತೆಯ ಅಮೆರಿಕ ಸೆನೆಟ್ ಸಮಿತಿಯು 1975ರ ಡಿಸೆಂಬರ್‌ನಲ್ಲಿ ಚಿಲಿಯಲ್ಲಿನ ಗುಪ್ತ ಕಾರ್ಯಾಚರಣೆಗಳನ್ನು ಕುರಿತು ವರದಿಯೊಂದನ್ನು ಪ್ರಕಟಿಸಿತು. ಆ ಪತ್ರಿಕೆಯ ಚಿಲಿಯ ಬಾತ್ಮೀದಾರ ಅಯೆಂದೆಯ ಸಂವಿಧಾನನಿಷ್ಠೆಯ ಮಾತನ್ನು ನಂಬಿದಂತಿತ್ತೆಂದೂ, ವಾಷಿಂಗ್ಟನ್ನಿನಲ್ಲಿ ಪತ್ರಿಕೆಯ ಕೋರಿಕೆಯಂತೆ ಸಿ.ಐ.ಎ. ನೀಡಿದ ವಿವರಣೆಗಳಿಂದ ಬರಹದ ಮೂಲ ಧೋರಣೆಯೇ ಬದಲಾಯಿತೆಂದೂ ಆ ಸಂಸ್ಥೆಯ ಕಡತಗಳನ್ನು ಆಧರಿಸಿ ಸಮಿತಿ ಹೇಳಿತು. ಸ್ಥಳದಲ್ಲಿದ್ದವನು ಕಂಡದ್ದು ಒಂದು. ರಾಜಧಾನಿಯಲ್ಲಿ ಅಚ್ಚಾದದ್ದು ಇನ್ನೊಂದು.

ಚುನಾವಣೆಗೂ ಸಂಸತ್ತಿನ ಮತದಾನಕ್ಕೂ ನಡುವಿನ ಆ ವಾರಗಳಲ್ಲಿ ತನ್ನ ಪ್ರಯತ್ನದಿಂದ 726 ಲೇಖನಗಳು, ಪ್ರಸಾರಗಳು, ಸಂಪಾದಕೀಯಗಳು ಹೊರಬಂದವೆಂದು ಸಿ.ಐ.ಎ. ಲೆಕ್ಕಹಾಕಿತ್ತು. ಈ ಅಂಕಿಯನ್ನು ಬಳಸುವಾಗಲೂ ಎಚ್ಚರ ಬೇಕು. ಇದು ತನ್ನ ಮೇಲಧಿಕಾರಿಗಳಿಗೆ ಕೆಲಸದ ಲೆಕ್ಕ ಒಪ್ಪಿಸುವ ಸಂಸ್ಥೆಯೊಂದರ ಅಂಕಿ; ಆತ್ಮಪ್ರಶಂಸೆ ಅದರಲ್ಲಿ ಬೆರೆತಿರಬಹುದು. ಆದರೆ ಅರ್ಧ ಬಿಟ್ಟರೂ ಉಳಿಯುವ ಅರ್ಧ ಸಣ್ಣದಲ್ಲ. ಚಿಲಿಯ ಅತ್ಯಂತ ಪ್ರಭಾವಶಾಲಿ ದೈನಿಕ ‘ಎಲ್ ಮೆರ್ಕೂರಿಯೊ’ಗೆ 1971 ಮತ್ತು 1972ರಲ್ಲಿ ಅಮೆರಿಕದ ಬೊಕ್ಕಸದಿಂದ ಗುಪ್ತವಾಗಿ ಸಂದಾಯವಾಗಲು ಮಂಜೂರಾದದ್ದು 16 ಲಕ್ಷ ಡಾಲರುಗಳಿಗೂ ಮೀರಿದ ಹಣ. ಇಲ್ಲೊಂದು ವೃತ್ತ ರೂಪುಗೊಂಡಿತು. ಸ್ಯಾಂತಿಯಾಗೊದಲ್ಲಿ ಬಂದಿಳಿದ ವಿದೇಶಿ ವರದಿಗಾರ ಮೊದಲು ತೆರೆಯುತ್ತಿದ್ದುದು ಈ ದೈನಿಕವನ್ನು. ಅಲ್ಲಿಂದ ಆಯ್ದದ್ದು ‘ಚಿಲಿಯ ಪತ್ರಿಕಾಭಿಪ್ರಾಯ’ವಾಗಿ ನ್ಯೂಯಾರ್ಕಿಗೂ ಲಂಡನ್ನಿಗೂ ಹೋಗಬಹುದಿತ್ತು. ಅಮೆರಿಕದಿಂದ ಹೋದ ಹಣ ಅಭಿಪ್ರಾಯವಾಗಿ ಅಮೆರಿಕಕ್ಕೆ ಮರಳಿ ಬರಬಹುದಿತ್ತು.

3

ಆರ್ಥಿಕ ವರದಿಗಳಲ್ಲಿ ಕ್ರಮದ ಪ್ರಶ್ನೆ ಇನ್ನಷ್ಟು ಸ್ಪಷ್ಟವಾಗುತ್ತದೆ. ತಾಮ್ರವೇ ಚಿಲಿಯ ರಫ್ತು ಆದಾಯದ ಬಹುಪಾಲು. ದೊಡ್ಡ ಗಣಿಗಳು ಅನಕೊಂಡ ಮತ್ತು ಕೆನೆಕಾಟ್ ಎಂಬ ಅಮೆರಿಕದ ಕಂಪನಿಗಳ ಹಿಡಿತದಲ್ಲಿದ್ದವು. 1971ರ ಜುಲೈ 11ರಂದು ಅವುಗಳ ರಾಷ್ಟ್ರೀಕರಣಕ್ಕೆ ಬೇಕಾದ ಸಂವಿಧಾನ ತಿದ್ದುಪಡಿಯನ್ನು ಸಂಸತ್ತು ಸರ್ವಾನುಮತದಿಂದ ಅಂಗೀಕರಿಸಿತು. ಬಲಪಂಥೀಯರೂ ಅದಕ್ಕೆ ಮತ ಹಾಕಿದ್ದರು. 1955ರಿಂದ ಈಚೆಗೆ ವರ್ಷಕ್ಕೆ ಶೇ. 12ಕ್ಕಿಂತ ಹೆಚ್ಚಾಗಿ ಗಳಿಸಿದ ಲಾಭವನ್ನು ‘ಮಿತಿಮೀರಿದ ಲಾಭ’ವೆಂದು ಪರಿಗಣಿಸಿ ಪರಿಹಾರದಿಂದ ಕಳೆಯಲಾಯಿತು. ಹಾಗೆ ಕಳೆದಾಗ ದೊಡ್ಡ ಗಣಿಗಳಿಗೆ ಕೊಡಬೇಕಾದದ್ದು ಏನೂ ಉಳಿಯಲಿಲ್ಲ. ಈ ಲೆಕ್ಕಾಚಾರವನ್ನು ಪ್ರಶ್ನಿಸಲು ಯಾರಿಗೂ ಅಧಿಕಾರವಿದೆ. ಪೂರ್ವಾನ್ವಯವಾಗುವ ಮಾನದಂಡವನ್ನು ಕುರಿತ ಆಕ್ಷೇಪ ಕ್ಷುಲ್ಲಕವಾದದ್ದಲ್ಲ. ಆದರೆ ‘ಮಾರ್ಕ್ಸ್‌ವಾದಿ ಅಧ್ಯಕ್ಷ ಗಣಿಗಳನ್ನು ಕಿತ್ತುಕೊಂಡ’ ಎಂಬ ಧಾಟಿಯ ವಾಕ್ಯದಲ್ಲಿ ಸರ್ವಾನುಮತದ ಸಂಸತ್ತು ಮಾಯವಾಗುತ್ತದೆ. ಕ್ರಿಯೆಯ ಕರ್ತೃ ಬದಲಾದೊಡನೆ ಕ್ರಿಯೆಯ ಸ್ವರೂಪವೇ ಬದಲಾಗುತ್ತದೆ. ಇದು ವ್ಯಾಕರಣದ ಪ್ರಶ್ನೆಯೂ ಹೌದು.

1972ರ ಹೊತ್ತಿಗೆ ಚಿಲಿಯ ಅಂಗಡಿಗಳ ಮುಂದೆ ಸಾಲುಗಳು ಬೆಳೆದವು. ಆ ಸಾಲುಗಳ ಛಾಯಾಚಿತ್ರಗಳು ನಿಜವಾದವು. ಆದರೆ 1969ರಲ್ಲಿ 3.5 ಕೋಟಿ ಡಾಲರಿದ್ದ ಅಮೆರಿಕದ ನೇರ ನೆರವು 1971ರಲ್ಲಿ 15 ಲಕ್ಷಕ್ಕೆ ಇಳಿದಿತ್ತು. ಆ ಅವಧಿಯಲ್ಲಿ ವಿಶ್ವಬ್ಯಾಂಕು ಚಿಲಿಗೆ ಹೊಸ ಸಾಲ ಕೊಡಲಿಲ್ಲ. ಮೂರು ಬೋಯಿಂಗ್ ವಿಮಾನಗಳ ಖರೀದಿಗೆ ಕೇಳಿದ ಸಾಲವನ್ನು ಅಮೆರಿಕದ ರಫ್ತು-ಆಮದು ಬ್ಯಾಂಕು 1971ರಲ್ಲಿ ನಿರಾಕರಿಸಿತು. ತಾಮ್ರದ ಬೆಲೆಯೂ ಕುಸಿದಿತ್ತು. ಇಷ್ಟರ ನಡುವೆ ಚಿಲಿಯ ಸೇನೆಗೆ ಹೋಗುತ್ತಿದ್ದ ಅಮೆರಿಕದ ನೆರವು ಮಾತ್ರ ನಿಲ್ಲಲಿಲ್ಲ. ಸಾಲಿನ ಚಿತ್ರದ ಕೆಳಗೆ ಈ ಸಂಗತಿಗಳನ್ನು ಬರೆದಿದ್ದರೆ ಚಿತ್ರ ಸುಳ್ಳಾಗುತ್ತಿರಲಿಲ್ಲ. ಅದರ ಅರ್ಥ ಮಾತ್ರ ಪೂರ್ಣವಾಗುತ್ತಿತ್ತು.

ಹಾಗೆಂದು ಎಲ್ಲ ಹೊಣೆಯನ್ನೂ ವಾಷಿಂಗ್ಟನ್ನಿನ ಮೇಲೆ ಹೊರಿಸಿದರೆ ನಾವೂ ಅದೇ ದೋಷವನ್ನು ತಲೆಕೆಳಗು ಮಾಡಿ ಆಚರಿಸಿದಂತಾಗುತ್ತದೆ. ಅಯೆಂದೆ ಸರ್ಕಾರ ವೇತನವನ್ನು ಉತ್ಪಾದನೆಗೆ ಮೀರಿ ಏರಿಸಿತು. ಕೊರತೆಯನ್ನು ನೋಟು ಮುದ್ರಿಸಿ ತುಂಬಿತು. ಬೆಲೆಗಳನ್ನು ಬಿಗಿಹಿಡಿದು ಕಾಳಸಂತೆಗೆ ದಾರಿ ಮಾಡಿಕೊಟ್ಟಿತು. 1972ರಲ್ಲಿ ಹಣದುಬ್ಬರ ಶೇ. 100ನ್ನು ದಾಟಿತು. 1973ರ ಆಗಸ್ಟ್ 22ರಂದು ಪ್ರತಿನಿಧಿಗಳ ಸಭೆ 81-47 ಮತಗಳಿಂದ ಸರ್ಕಾರ ಸಂವಿಧಾನವನ್ನು ಉಲ್ಲಂಘಿಸುತ್ತಿದೆ ಎಂದು ನಿರ್ಣಯ ಮಾಡಿತು. ಸೇನಾಕ್ರಮದ ಸಮರ್ಥಕರು ಇಂದಿಗೂ ಎತ್ತಿಹಿಡಿಯುವ ದಾಖಲೆ ಇದು. ಅಯೆಂದೆಯ ಪರವಾಗಿ ಬರೆಯುವವರು ಇದನ್ನು ಮರೆಮಾಚಬಾರದು. ಪದಚ್ಯುತಿಗೆ ಬೇಕಾದ ಮೂರನೆಯ ಎರಡರಷ್ಟು ಬಹುಮತ ವಿರೋಧಪಕ್ಷಗಳಿಗೆ ಇರಲಿಲ್ಲವೆಂಬುದನ್ನೂ, ಅದೇ ವರ್ಷದ ಮಾರ್ಚ್ ಚುನಾವಣೆಯಲ್ಲಿ ಸಂಕಷ್ಟದ ನಡುವೆಯೂ ಜನತಾ ಐಕ್ಯಕ್ಕೆ ಶೇ. 44ರಷ್ಟು ಮತ ಬಂದಿತ್ತೆಂಬುದನ್ನೂ ಅದರ ಪಕ್ಕದಲ್ಲಿಟ್ಟು ಓದಬೇಕು. ಪ್ರಜಾಸತ್ತೆಯೊಳಗಿನ ಗಂಭೀರ ಬಿಕ್ಕಟ್ಟು ಅದು. ಬಿಕ್ಕಟ್ಟಿದ್ದ ಮಾತ್ರಕ್ಕೆ ಬಾಂಬು ಅನಿವಾರ್ಯವಾಗುವುದಿಲ್ಲ.

4

1973ರ ಸೆಪ್ಟೆಂಬರ್ 11ರಂದು ವಿಮಾನಗಳು ಅಧ್ಯಕ್ಷರ ಅರಮನೆಯ ಮೇಲೆ ದಾಳಿ ಮಾಡಿದವು. ಅದುವರೆಗೆ ವಿದೇಶಿ ಪತ್ರಿಕೆಗಳ ಒಂದು ಮುಖ್ಯ ಆತಂಕ ಚಿಲಿಯ ಪತ್ರಿಕಾಸ್ವಾತಂತ್ರ್ಯದ್ದಾಗಿತ್ತು. ಅಯೆಂದೆಯ ಅವಧಿಯ ಉದ್ದಕ್ಕೂ ಅವರನ್ನು ದಿನವೂ ಕಟುವಾಗಿ ಟೀಕಿಸುವ ಪತ್ರಿಕೆಗಳು ನಡೆಯುತ್ತಿದ್ದವು. ಸೇನಾಮಂಡಳಿ ಬಂದ ಮೊದಲ ದಿನಗಳಲ್ಲಿ ಪ್ರಕಟವಾಗಲು ಅನುಮತಿ ಪಡೆದವು ಎರಡೇ ದೈನಿಕಗಳು: ‘ಎಲ್ ಮೆರ್ಕೂರಿಯೊ’ ಮತ್ತು ‘ಲಾ ತೆರ್ಸೆರಾ’. ‘ಎಲ್ ಸಿಗ್ಲೊ’, ‘ಕ್ಲಾರಿನ್’, ‘ಪುರೊ ಚಿಲೆ’ ಮುಚ್ಚಿಹೋದವು. ಎಡಪಂಥೀಯರು ಸಾಮೂಹಿಕ ಕಗ್ಗೊಲೆಗೆ ಸಂಚು ಹೂಡಿದ್ದರೆಂದು ಸಾರುವ ‘ಶ್ವೇತ ಗ್ರಂಥ’ವೊಂದನ್ನು ಸೇನಾಮಂಡಳಿ ಹೊರತಂದಿತು. ಅದರ ಸಿದ್ಧತೆಯಲ್ಲಿ ಸಿ.ಐ.ಎ. ಸಹಯೋಗಿಗಳು ನೆರವಾಗಿದ್ದರೆಂಬುದನ್ನು ಚರ್ಚ್ ಸಮಿತಿಯೇ ದಾಖಲಿಸಿದೆ. ಅಂತಹ ಸಂಚಿಗೆ ನಂಬಬಹುದಾದ ಆಧಾರ ಅನಂತರವೂ ದೊರೆಯಲಿಲ್ಲ. ದೊರೆತದ್ದು ಬೇರೆಯದು: ಮುಂದಿನ 17 ವರ್ಷಗಳಲ್ಲಿ ಕೊಲೆಯಾದವರು ಹಾಗೂ ಕಾಣೆಯಾದವರು ಸೇರಿ ಸುಮಾರು 3,200 ಮಂದಿ ಎಂದು ಚಿಲಿಯ ಅಧಿಕೃತ ಆಯೋಗಗಳು ಗುರುತಿಸಿದವು.

ಇಲ್ಲಿ ಎರಡು ವಿಷಯಗಳನ್ನು ಗಮನಿಸದಿದ್ದರೆ ವಿಮರ್ಶೆ ಏಕಮುಖವಾಗುತ್ತದೆ. ಮೊದಲನೆಯದು, ‘ವಿದೇಶಿ ಪತ್ರಿಕೆಗಳು’ ಎಂಬುದು ಏಕಶಿಲೆಯಲ್ಲ. ಐ.ಟಿ.ಟಿ. ಕಂಪನಿ ಅಯೆಂದೆಯನ್ನು ತಡೆಯಲು ನಡೆಸಿದ ಯತ್ನಗಳನ್ನು 1972ರ ಮಾರ್ಚ್‌ನಲ್ಲಿ ಬಯಲಿಗೆಳೆದವರು ಅಮೆರಿಕದ ಅಂಕಣಕಾರ ಜ್ಯಾಕ್ ಆಂಡರ್‌ಸನ್. ಚಿಲಿಯಲ್ಲಿ ಸಿ.ಐ.ಎ. 80 ಲಕ್ಷ ಡಾಲರುಗಳಷ್ಟು ಹಣ ಸುರಿದ ಸುದ್ದಿಯನ್ನು 1974ರ ಸೆಪ್ಟೆಂಬರ್‌ನಲ್ಲಿ ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ಬರೆದವರು ಸೆಮೂರ್ ಹರ್ಶ್. ಈ ಲೇಖನದ ಬಹುಪಾಲು ಆಧಾರ ಅಮೆರಿಕದ ಸೆನೆಟ್ಟಿನ ವರದಿಯೇ. ತನ್ನ ತಪ್ಪನ್ನು ತಾನೇ ಮುದ್ರಿಸುವ ವ್ಯವಸ್ಥೆಯೂ ಅಲ್ಲಿತ್ತು. ಆದರೆ ಮುಖಪುಟ ಬಂದದ್ದು ಮತದಾನಕ್ಕೆ ಮೊದಲು, ತಿದ್ದುಪಡಿ ಬಂದದ್ದು ಐದು ವರ್ಷಗಳ ಮೇಲೆ. ಅಷ್ಟರಲ್ಲಿ ಸರ್ಕಾರವೂ ಇರಲಿಲ್ಲ, ಅದರ ಅಧ್ಯಕ್ಷನೂ ಇರಲಿಲ್ಲ.

ಎರಡನೆಯದು, ಪುರಾಣಕ್ಕೆ ಪ್ರತಿಪುರಾಣ ಉತ್ತರವಾಗುವುದಿಲ್ಲ. ಅಯೆಂದೆ ಗುಂಡಿನ ಕಾಳಗದಲ್ಲಿ ಹೋರಾಡುತ್ತ ಸೈನಿಕರ ಕೈಯಲ್ಲಿ ಮಡಿದರೆಂಬ ಕಥನವನ್ನು 1973ರಲ್ಲಿ ಫಿಡೆಲ್ ಕ್ಯಾಸ್ಟ್ರೊ ಜಗತ್ತಿಗೆ ಹೇಳಿದರು. 1974ರಲ್ಲಿ ಗೇಬ್ರಿಯಲ್ ಗಾರ್ಸಿಯಾ ಮಾರ್ಕ್ವೆಜ್ ತಮ್ಮ ಲೇಖನದಲ್ಲಿ ಅದಕ್ಕೆ ಮೋಹಕವಾದ ರೂಪ ಕೊಟ್ಟರು. 2011ರಲ್ಲಿ ನ್ಯಾಯಾಲಯದ ಆದೇಶದಂತೆ ದೇಹವನ್ನು ಹೊರತೆಗೆದು ಪರೀಕ್ಷಿಸಿದ ತಜ್ಞರು ಅದು ಆತ್ಮಹತ್ಯೆ ಎಂದು ದೃಢಪಡಿಸಿದರು. ಮುತ್ತಿಗೆಗೆ ಒಳಗಾದ ಅರಮನೆಯಲ್ಲಿ ಶರಣಾಗಲು ಒಪ್ಪದೆ ಪ್ರಾಣಬಿಟ್ಟ ಮನುಷ್ಯನ ಘನತೆಗೆ ಈ ಸತ್ಯದಿಂದ ಯಾವ ಕೊರತೆಯೂ ಇಲ್ಲ. ಕೊರತೆಯಾದದ್ದು ಉತ್ಪ್ರೇಕ್ಷೆಯನ್ನು ನಂಬಿದ ಓದುಗರ ವಿಶ್ವಾಸಕ್ಕೆ.

5

ಇಂತಹ ವರದಿಗಾರಿಕೆಯನ್ನು ಎದುರಿಸುವ ಬಗೆ ಯಾವುದು? ಬಡದೇಶಗಳು ಎಪ್ಪತ್ತರ ದಶಕದಲ್ಲಿ ಈ ಪ್ರಶ್ನೆಯನ್ನು ಸಂಸ್ಥೆಗಳ ಮಟ್ಟದಲ್ಲಿ ಎತ್ತಿದವು. 1976ರ ಜುಲೈನಲ್ಲಿ ಅಲಿಪ್ತ ರಾಷ್ಟ್ರಗಳ ವಾರ್ತಾಸಚಿವರು ದೆಹಲಿಯಲ್ಲಿ ಸೇರಿ ತಮ್ಮದೇ ಸುದ್ದಿಸಂಸ್ಥೆಗಳ ಒಕ್ಕೂಟಕ್ಕೆ ರೂಪುಕೊಟ್ಟರು. ಯುನೆಸ್ಕೊ ನೇಮಿಸಿದ ಷಾನ್ ಮ್ಯಾಕ್‌ಬ್ರೈಡ್ ಆಯೋಗ 1980ರಲ್ಲಿ ತನ್ನ ವರದಿಯನ್ನು ಕೊಟ್ಟಿತು. ಅದರ 16 ಸದಸ್ಯರಲ್ಲಿ ಭಾರತದ ಬಿ.ಜಿ. ವರ್ಗೀಸ್, ಚಿಲಿಯ ಹುವಾನ್ ಸೊಮಾವಿಯ ಮತ್ತು ಗಾರ್ಸಿಯಾ ಮಾರ್ಕ್ವೆಜ್ ಇದ್ದರು. ಸುದ್ದಿಯ ಹರಿವು ಕೆಲವೇ ದೊಡ್ಡ ಸಂಸ್ಥೆಗಳ ಕೈಯಲ್ಲಿದೆ, ಅದು ಒಂದೇ ದಿಕ್ಕಿನಲ್ಲಿದೆ ಎಂಬ ಅವರ ನಿದಾನ ಸರಿಯಾದದ್ದು.

ಆದರೆ 1976ರ ದೆಹಲಿಯನ್ನು ನಾವು ಇನ್ನೊಂದು ಕಾರಣಕ್ಕೂ ನೆನೆಯಬೇಕು. ಸಚಿವರು ಸಭೆ ಸೇರಿದಾಗ ಭಾರತದಲ್ಲಿ ತುರ್ತುಪರಿಸ್ಥಿತಿ ಜಾರಿಯಲ್ಲಿತ್ತು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ನಾಲ್ಕು ಸುದ್ದಿಸಂಸ್ಥೆಗಳನ್ನು ಕೂಡಿಸಿ ‘ಸಮಾಚಾರ್’ ಎಂಬ ಒಂದೇ ಸಂಸ್ಥೆ ಮಾಡಲಾಗಿತ್ತು. ವಿದೇಶಿ ವರದಿಗಾರರ ಪಕ್ಷಪಾತವನ್ನು ಖಂಡಿಸುತ್ತಿದ್ದ ನಗರದಲ್ಲೇ ಸ್ವದೇಶಿ ವರದಿಗಾರನ ಬಾಯಿ ಕಟ್ಟಲಾಗಿತ್ತು. ಪಾಶ್ಚಾತ್ಯ ಮಾಧ್ಯಮಗಳನ್ನು ಕುರಿತ ಟೀಕೆ ಅಧಿಕಾರಸ್ಥರಿಗೆ ಎಷ್ಟು ಸುಲಭವಾಗಿ ಗುರಾಣಿಯಾಗಬಲ್ಲದು ಎಂಬುದಕ್ಕೆ ನಾವು ಬೇರೆ ದೇಶದ ಉದಾಹರಣೆ ಹುಡುಕಬೇಕಾಗಿಲ್ಲ. ಆದ್ದರಿಂದ ಇದಕ್ಕೆ ಉತ್ತರ ಸರ್ಕಾರಗಳಿಂದ ಬರುವುದಕ್ಕಿಂತ ಓದುಗರಿಂದ, ಬರೆಹಗಾರರಿಂದ, ಅನುವಾದಕರಿಂದ ಬರಬೇಕು.

6

ಅನುವಾದದ ಮಾತು ಬಂದದ್ದರಿಂದ ಕನ್ನಡಕ್ಕೆ ಮರಳುತ್ತೇನೆ. ಚಿಲಿಯಲ್ಲಿ ಆ ಸೆಪ್ಟೆಂಬರ್ 11ರಂದು ನಡೆದದ್ದಕ್ಕೆ ಸ್ಪ್ಯಾನಿಷಿನಲ್ಲಿ ‘ಗೊಲ್ಪೆ’ ಎನ್ನುತ್ತಾರೆ. ಗೊಲ್ಪೆ ಎಂದರೆ ಪೆಟ್ಟು. ಇಂಗ್ಲಿಷ್ ಪತ್ರಿಕೆಗಳು ಫ್ರೆಂಚಿನಿಂದ ಎರವಲು ಪಡೆದ ‘ಕೂ’ ಎಂಬುದಕ್ಕೂ ಪೆಟ್ಟೆಂದೇ ಅರ್ಥ. ಕನ್ನಡದ ಪತ್ರಿಕೆಗಳು ಇದಕ್ಕೆ ರೂಢಿಸಿಕೊಂಡ ಪದ ‘ಕ್ಷಿಪ್ರಕ್ರಾಂತಿ’. ಕೆಲವೊಮ್ಮೆ ‘ಸೇನಾದಂಗೆ’ ಎಂದೂ ಬರೆಯುತ್ತಾರೆ. ಆದರೆ ಶೀರ್ಷಿಕೆಗಳಲ್ಲಿ ಗೆದ್ದದ್ದು ಮೊದಲನೆಯದೇ. ನಮ್ಮಲ್ಲಿ ‘ಕ್ರಾಂತಿ’ ಹಗುರವಾದ ಪದವಲ್ಲ. ಹನ್ನೆರಡನೆಯ ಶತಮಾನದ ಕಲ್ಯಾಣವನ್ನು ಕುರಿತು ಮಾತನಾಡುವಾಗ ನಾವು ಬಳಸುವ ಪದ ಅದು. ಜನರು ಆರಿಸಿದ ಸರ್ಕಾರದ ಮೇಲೆ ಬಾಂಬು ಹಾಕಿದ ಸೇನಾಪತಿಗಳ ಕೃತ್ಯಕ್ಕೂ ಅದೇ ಪದ, ಮುಂದೆ ‘ಕ್ಷಿಪ್ರ’ವೊಂದನ್ನು ಸೇರಿಸಿ. ಇದರಲ್ಲಿ ಯಾರ ಸಂಚೂ ಇಲ್ಲ. ರಾತ್ರಿಪಾಳಿಯ ಮೇಜಿನ ಮೇಲೆ ಅವಸರದಲ್ಲಿ ಹುಟ್ಟಿ ನಿಂತ ಪದವಿರಬಹುದು. ಆದರೆ ಅದು ಮಾಡುವ ಕೆಲಸ ಅದರ ಹುಟ್ಟಿನಷ್ಟು ಮುಗ್ಧವಲ್ಲ.

ಕರ್ನಾಟಕದ ಹೊರಗಿರುವ ಕನ್ನಡಿಗರಿಗೆ ಹೋಲಿಸಿ ನೋಡುವ ಅವಕಾಶ ಹೆಚ್ಚು. ದೆಹಲಿಯವರು ಹಿಂದಿ ಪತ್ರಿಕೆಯಲ್ಲಿ ‘ತಖ್ತಾಪಲಟ್’ ಎಂದು ಓದುತ್ತಾರೆ: ಸಿಂಹಾಸನ ಮಗುಚಿತು ಎಂದಷ್ಟೇ, ಮೆಚ್ಚುಗೆಯ ಸೋಂಕಿಲ್ಲ. ಹೈದರಾಬಾದಿನವರಿಗೆ ತೆಲುಗಿನ ‘ಸೈನಿಕ ತಿರುಗುಬಾಟು’ ಪರಿಚಿತ. ಅದು ಸೈನಿಕರ ತಿರುಗಿಬೀಳುವಿಕೆ. ಮುಂಬಯಿ, ಪುಣೆಗಳ ಮರಾಠಿ ಪತ್ರಿಕೆಗಳು ‘ಲಷ್ಕರಿ ಉಠಾವ್’ ಎನ್ನುವಾಗ ದಂಗೆಯ ಅರ್ಥದ ಜೊತೆ ಎದ್ದುನಿಲ್ಲುವ ಭಾವವೂ ಬರುತ್ತದೆ. ಚೆನ್ನೈಯಲ್ಲಿ ಕಾಣುವ ‘ರಾಣುವ ಪುರಟ್ಚಿ’ ಕನ್ನಡದಂತೆಯೇ ಕ್ರಾಂತಿಯ ಕಡೆಗೆ ವಾಲುತ್ತದೆ. ಆದರೆ ತಮಿಳಿನಲ್ಲಿ ಆಡಳಿತವನ್ನು ಕವಿಚಿಹಾಕುವುದೆಂಬರ್ಥದ ‘ಆಟ್ಚಿಕ್ ಕವಿೞ್ಪು’ ಕೂಡ ಬಳಕೆಯಲ್ಲಿದೆ. ಒಂದೇ ತಂತಿಯ ಸುದ್ದಿ ಐದು ಭಾಷೆಗಳಲ್ಲಿ ಐದು ತೀರ್ಪುಗಳಾಗಿ ಇಳಿಯುತ್ತದೆ. ಹಾಗಾದರೆ ಪಕ್ಷಪಾತ ವಿದೇಶದಲ್ಲಿ ಮಾತ್ರ ಹುಟ್ಟುವುದಿಲ್ಲ. ಕೊನೆಯ ಹಂತದಲ್ಲಿ ನಾವೂ ಅದಕ್ಕೆ ಕೈಜೋಡಿಸುತ್ತೇವೆ.

ಇನ್ನೊಂದು ಜೋಡಿಯನ್ನು ಗಮನಿಸಬಹುದು. 1969ರಲ್ಲಿ ನಮ್ಮ ದೇಶ 14 ಬ್ಯಾಂಕುಗಳನ್ನು ಸರ್ಕಾರದ ವಶಕ್ಕೆ ತೆಗೆದುಕೊಂಡಾಗ ಕನ್ನಡದಲ್ಲಿ ಅದು ‘ರಾಷ್ಟ್ರೀಕರಣ’. ದೂರದ ಎಡಪಂಥೀಯ ಸರ್ಕಾರ ಗಣಿಯನ್ನು ತೆಗೆದುಕೊಂಡರೆ ‘ಮುಟ್ಟುಗೋಲು’ ಎಂಬ ಪದ ಲೇಖನಿಯ ತುದಿಗೆ ಬಂದು ನಿಲ್ಲುತ್ತದೆ. ಮುಟ್ಟುಗೋಲಿನಲ್ಲಿ ಅಪರಾಧದ ವಾಸನೆಯಿದೆ, ರಾಷ್ಟ್ರೀಕರಣದಲ್ಲಿ ಇಲ್ಲ. ಅಯೆಂದೆ ಸದಾ ‘ಮಾರ್ಕ್ಸ್‌ವಾದಿ ಅಧ್ಯಕ್ಷ’; ಆದರೆ ಸೇನಾಪತಿ ಪಿನೊಚೆಯ ಹೆಸರಿನ ಹಿಂದೆ ಅವರ ಆರ್ಥಿಕ ಸಿದ್ಧಾಂತದ ವಿಶೇಷಣ ಅಷ್ಟು ನಿಯಮಿತವಾಗಿ ಬರುವುದಿಲ್ಲ. ಹೆಸರಿಡುವ ಈ ಜಗಳ ಚಿಲಿಯಲ್ಲೂ ಮುಗಿದಿಲ್ಲ. ಅಲ್ಲಿನ ಪ್ರಾಥಮಿಕ ಶಾಲೆಯ ಪಾಠಕ್ರಮದಲ್ಲಿ ‘ಸರ್ವಾಧಿಕಾರ’ದ ಬದಲು ‘ಸೇನಾ ಆಡಳಿತ’ ಎಂಬ ಪದವನ್ನು ತಂದಾಗ 2012ರ ಆರಂಭದಲ್ಲಿ ದೊಡ್ಡ ವಿವಾದವೇ ಎದ್ದಿತು. ಮೂರು ದಶಕಗಳಾಚೆಗೂ ಒಂದು ಪದಕ್ಕಾಗಿ ಜನ ಹೋರಾಡುತ್ತಾರೆಂದರೆ, ಪದ ಕೇವಲ ಪದವಲ್ಲವೆಂದು ಅವರಿಗೆ ತಿಳಿದಿದೆ ಎಂದರ್ಥ.

ಎಡಪಂಥೀಯ ಸರ್ಕಾರವೊಂದನ್ನು ಮೆಚ್ಚುವುದೂ ಬಿಡುವುದೂ ಓದುಗರ ಆಯ್ಕೆ. ಅಯೆಂದೆಯ ಆರ್ಥಿಕ ನೀತಿಯನ್ನು ತಿರಸ್ಕರಿಸುವವರಿಗೂ ಆ ಮುಖಪುಟ ಹೇಗೆ ತಯಾರಾಯಿತೆಂದು ತಿಳಿಯುವ ಹಕ್ಕಿದೆ. ಅವರನ್ನು ಗೌರವಿಸುವವರಿಗೂ ಅವರು ಹೇಗೆ ಸತ್ತರೆಂದು ತಿಳಿಯುವ ಹಕ್ಕಿದೆ. ವಿಮರ್ಶೆ ಈ ಎರಡು ಹಕ್ಕುಗಳನ್ನೂ ಕಾಯಬೇಕು. ನಮ್ಮ ಮಟ್ಟಿಗೆ ಅದರ ಮೊದಲ ಹೆಜ್ಜೆ ದೂರದ ನ್ಯೂಯಾರ್ಕಿನಲ್ಲಿಲ್ಲ. ಮುಂದೆ ಇನ್ನಾವುದೋ ದೇಶದಲ್ಲಿ ಸೇನೆ ಚುನಾಯಿತ ಸರ್ಕಾರವನ್ನು ಉರುಳಿಸಿದ ಸುದ್ದಿ ಬಂದಾಗ, ಅದನ್ನು ಕನ್ನಡದಲ್ಲಿ ಬರೆಯಲು ಕುಳಿತವರು ‘ಕ್ರಾಂತಿ’ ಎಂಬ ಪದದ ಮುಂದೆ ಒಂದು ಕ್ಷಣ ಲೇಖನಿಯನ್ನು ತಡೆದರೆ, ಆ ಹೆಜ್ಜೆಯನ್ನು ಇಟ್ಟಂತೆಯೇ.